ಕೆಂಚವೀರಪ್ಪನವರಿಗೆ ಬಂದ ಸೊನ್ನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಪಟ್ಟಿಯನ್ನು ಮಿಲ್ಲಿನ ಗೇಟಿನ ಹಲಗೆಗೆ ಅಂಟಿಸಿದವನು ನಾನು, ಬರೆದವನೂ ನಾನೇ. ಟೈಂ ಆಫೀಸಿನ ಗುಮಾಸ್ತನಾದವನು ಮೇಲಿನವರು ಕೊಟ್ಟದ್ದನ್ನು ದುಂಡಗೆ ಬರೆದು ಅಂಟಿಸಬೇಕೇ ಹೊರತು ತನ್ನದೇನನ್ನೂ ಸೇರಿಸುವಂತಿಲ್ಲ. ಆದರೂ ನಾನು ಸೊನ್ನೆಯನ್ನು ಸ್ವಲ್ಪ ಹೆಚ್ಚೇ ದುಂಡಗೆ ಬರೆದೆನೆಂದು ನಮ್ಮ ಓಣಿಯವರು ಇವತ್ತಿಗೂ ದೂರುತ್ತಾರೆ. ಇನ್ನು ಹೇಗೆ ಬರೆಯಬೇಕಿತ್ತೋ ಅವರೇ ಹೇಳಲಿ.

ಆ ಸೊನ್ನೆ ಬಂದದ್ದು ನನ್ನ ಪಕ್ಕದ ಮನೆಯ ಕೆಂಚವೀರಪ್ಪನವರಿಗೆ. ಇವರು ದಾವಣಗೆರೆಯ ನಮ್ಮ ಮಿಲ್ಲಿನಲ್ಲಿ ಬಟ್ಟೆ ತಪಾಸಣೆಯವರು. ಮಗ್ಗದಿಂದ ಇಳಿದ ಬಟ್ಟೆಯೆಲ್ಲ ಇವರ ಮೇಜಿನ ಮೇಲೆ ಹಾದುಹೋಗಬೇಕು. ಎಳೆ ತಪ್ಪಿದ್ದರೆ, ಕಲೆ ಬಿದ್ದಿದ್ದರೆ, ಅಂಚು ಸೊಟ್ಟಗಿದ್ದರೆ ನೀಲಿ ಪೆನ್ಸಿಲಿನಿಂದ ಒಂದು ಗೀಟು. ಇಪ್ಪತ್ತೆರಡು ವರ್ಷ ಗೀಟು ಹಾಕಿ ಹಾಕಿ, ತಪ್ಪು ಹುಡುಕುವುದೇ ಬುದ್ಧಿ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಓಣಿಯವರಾದ ನಾವೂ ಅದನ್ನು ನಂಬಿದ್ದೆವು. ಸೀರೆ ಕೊಳ್ಳಲಿ, ಎತ್ತು ಕೊಳ್ಳಲಿ, ಅವರನ್ನು ಮುಂದಿಟ್ಟುಕೊಂಡೇ ಹೋಗುತ್ತಿದ್ದೆವು. ಅವರು ಹೋಟೆಲಿಗೆ ಬಂದರೆ ದೋಸೆ ಹಾಕುವವನು ಕಾವಲಿಯನ್ನು ಎರಡು ಸಲ ಒರೆಸುತ್ತಿದ್ದ.

ಮಗಳು ಉಚ್ಚೆಂಗೆಮ್ಮನಿಗೆ ಬಂದ ಐದು ಗಂಡುಗಳನ್ನು ಅವರು ಹೀಗೇ ಗೀಟು ಹಾಕಿ ಕಳಿಸಿದ್ದರು. ಒಬ್ಬನ ಎಡಗಿವಿ ದೊಡ್ಡದು. ಒಬ್ಬ ಕಾಫಿಯನ್ನು ಊದಿ ಕುಡಿದ. ಒಬ್ಬನ ನಡಿಗೆಯಲ್ಲಿ ಅದೇನೋ ಎಳೆ ತಪ್ಪಿತ್ತಂತೆ. ಆರನೆಯವನು ಹರಿಹರದ ಸಣ್ಣಬೀರಪ್ಪ, ಅಲ್ಲಿನ ಯಂತ್ರದ ಕಾರ್ಖಾನೆಯಲ್ಲಿ ಟರ್ನರ್. ಕೆಂಚವೀರಪ್ಪನವರು ಅವನನ್ನು ಒಂದು ತಾಸು ಮೇಲಿನಿಂದ ಕೆಳಗೆ ನೋಡಿ, ಕೊನೆಗೆ "ಪಾಸು" ಅಂದರು. ಅವರ ಬಾಯಲ್ಲಿ ಆ ಮಾತು ಕೇಳಿ ಹೆಂಡತಿ ಅಂಜಿನವ್ವ ಕೈಯಲ್ಲಿದ್ದ ತಂಬಿಗೆ ಬಿಟ್ಟರು. ಆ ಶಬ್ದಕ್ಕೆ ನಾನು ಗೋಡೆಯಾಚೆಯಿಂದ ಎದ್ದು ಓಡಿ ಬಂದೆ.

ಹುಡುಗನ ತಂದೆ ಹಾಲೇಶಪ್ಪನವರು ನಿವೃತ್ತ ಲೆಕ್ಕದ ಮೇಷ್ಟ್ರು. "ನಮಗೆ ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ಬುದ್ಧಿವಂತರ ಮನಿ ಹೆಣ್ಣು ಬೇಕು, ಅಷ್ಟೆ" ಎಂದು ಅವರು ತುಂಬಿದ ಸಭೆಯಲ್ಲಿ ಹೇಳಿದ್ದರು. ವೀಳ್ಯದ ಶಾಸ್ತ್ರ ಮುಂದಿನ ಸೋಮವಾರ ಎಂದು ಗೊತ್ತಾಯಿತು. ಉಚ್ಚೆಂಗೆಮ್ಮನಿಗೂ ಹುಡುಗ ಒಪ್ಪಿಗೆಯಾಗಿದ್ದ. ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ವಾರವೆಲ್ಲ ಅವಳು ಬಡಿದ ರೊಟ್ಟಿಯಲ್ಲಿ ಅಪ್ಪನಿಗೆ ಒಂದು ತಪ್ಪನ್ನೂ ಹೇಳಲಾಗಲಿಲ್ಲ. ಅಷ್ಟು ಸಾಕಲ್ಲ?

ಇಷ್ಟರಲ್ಲಿ ಮಿಲ್ಲಿಗೆ ಬುದ್ಧಿಯ ಪರೀಕ್ಷೆ ಬಂತು.

ತಂದವಳು ಬೇರೆ ಯಾರೂ ಅಲ್ಲ, ನಮ್ಮ ಓಣಿಯ ಮೂಲೆಯಲ್ಲಿ ಹರಿದ ಬಟ್ಟೆಗೆ ರಫೂ ಮಾಡುವ ನಬೀ ಸಾಬರ ಮಗಳು ಅಖ್ತರ್ ಬಾನು. ಮೈಸೂರಿನಲ್ಲಿ ಮನಃಶಾಸ್ತ್ರ ಓದಿ ಎಂ.ಎ. ಮಾಡಿ ಬಂದಿದ್ದಳು. ಅವಳು ಓದಲು ಹೋಗುವಾಗ, "ಮನಸ್ಸು ಕಣ್ಣಿಗೆ ಕಾಣಂಗಿಲ್ಲ. ಕಾಣದ್ದನ್ನ ಹೆಂಗೆ ತಪಾಸಣೆ ಮಾಡ್ತಾಳೆ?" ಎಂದು ಕೆಂಚವೀರಪ್ಪನವರು ಅದಕ್ಕೂ ಒಂದು ಗೀಟು ಹಾಕಿದ್ದರು. ಈಗ ಹೊಸ ಮಗ್ಗಗಳ ತರಬೇತಿಗೆ ಯಾವ ಕೆಲಸಗಾರರನ್ನು ಕಳಿಸಬೇಕೆಂದು ಆರಿಸಲು ಮ್ಯಾನೇಜರರು ಅವಳನ್ನೇ ಕರೆಸಿದ್ದರು. ಇಲ್ಲಿ ಮುಗಿದ ಮೇಲೆ ಹರಿಹರದ ಕಾರ್ಖಾನೆಯಲ್ಲೂ ಅವಳದೇ ಪರೀಕ್ಷೆ.

ಪರೀಕ್ಷೆಗೂ ಕೆಂಚವೀರಪ್ಪನವರಿಗೂ ಸಂಬಂಧವೇ ಇರಲಿಲ್ಲ. ಆದರೂ ಅವರು ರುಮಾಲು ಸುತ್ತಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತರು.

"ಕಾಕಾ, ಇದು ಹೊಸ ಮಗ್ಗಕ್ಕೆ ಹೋಗೋರಿಗೆ. ನಿಮಗಲ್ಲ" ಎಂದಳು ಅಖ್ತರ್ ಬಾನು.

"ಇರ್ಲಿ ಬಿಡವ್ವ. ಬುದ್ಧಿ ಅಂದ್ರೆ ಎಷ್ಟುದ್ದ ಇರ್ತೈತೆ ಅಂತ ಈ ಹುಡುಗರಿಗೂ ಒಂದು ಅಳತೆ ಸಿಗ್ಲಿ. ಮತ್ತೆ ಒಂದು ಮಾತು. ಯಾರ್‍ಯಾರಿಗೆ ಎಷ್ಟು ಬಂತು ಅಂತ ಗೇಟಿನ ಹಲಗೆ ಮ್ಯಾಲೆ ಹಾಕ್ಬೇಕು."

"ಬ್ಯಾಡ ಕಾಕಾ. ಅದು ಗುಟ್ಟಾಗಿರಬೇಕು."

"ಬುದ್ಧಿ ಇದ್ದೋನಿಗೆ ಗುಟ್ಟು ಯಾಕವ್ವ?"

ಮ್ಯಾನೇಜರರಿಗೂ ಈ ಮಾತು ಹಿಡಿಸಿತು. ಪಟ್ಟಿ ಹಾಕುವುದೆಂದು ಆಯಿತು. ನಾನೂ ಪರೀಕ್ಷೆಗೆ ಕೂತೆ. ನನಗೆಷ್ಟು ಬಂತೆಂದು ದಯವಿಟ್ಟು ಕೇಳಬೇಡಿ.

ಪರೀಕ್ಷೆ ಎಂದರೆ ಅಕ್ಷರವೇ ಇಲ್ಲದ ಒಂದು ಚಿತ್ರದ ಪುಸ್ತಕ. ಅರವತ್ತು ಪುಟ. ಪ್ರತಿ ಪುಟದಲ್ಲೂ ಗೀರುಗಳು, ಚೌಕಗಳು ತುಂಬಿದ ಒಂದು ನಮೂನೆ. ಅದರ ಮೂಲೆಯಲ್ಲಿ ಒಂದು ತುಂಡು ಕತ್ತರಿಸಿ ತೆಗೆದಂತೆ ಖಾಲಿ. ಕೆಳಗೆ ಆರು ತುಂಡುಗಳು. ಖಾಲಿ ಜಾಗಕ್ಕೆ ಯಾವುದು ಹೊಂದುತ್ತದೋ ಆ ತುಂಡಿನ ಸಂಖ್ಯೆಯನ್ನು ಬೇರೊಂದು ಹಾಳೆಯಲ್ಲಿ ಬರೆಯಬೇಕು. ಅಖ್ತರ್ ಬಾನು ಇದನ್ನೆಲ್ಲ ಎರಡು ಸಲ ಬಿಡಿಸಿ ಹೇಳಿದಳು. ಆ ಹೊತ್ತಿನಲ್ಲಿ ಕೆಂಚವೀರಪ್ಪನವರು ಬೆಂಚಿನ ಒಂದು ಕಾಲು ಗಿಡ್ಡವಿದೆ ಎಂದು ನನಗೆ ತೋರಿಸುತ್ತಿದ್ದರು.

ಎಲ್ಲರೂ ತಲೆ ಕೆರೆದುಕೊಳ್ಳುತ್ತಿರುವಾಗ ಅವರು ಕಾಲು ತಾಸಿನಲ್ಲಿ ಅರವತ್ತನ್ನೂ ಬರೆದು ಎದ್ದರು. "ಇಷ್ಟೇನಾ?" ಎಂದು ಬೆರಳಿನ ನೆಟಿಗೆ ಮುರಿದು ಹಾಳೆ ಕೊಟ್ಟು, ಸಂಜೆಯೊಳಗೆ ಹರಿಹರಕ್ಕೆ ಒಂದು ಕಾರ್ಡನ್ನೂ ಹಾಕಿಬಿಟ್ಟರು: ಬೀಗರು ಬಂದು ಹಲಗೆ ನೋಡಬೇಕು.

ಶುಕ್ರವಾರ ಪಟ್ಟಿ ಬಿತ್ತು. ಜನ ಹಲಗೆಯನ್ನು ಮೇಲಿನಿಂದ ಓದಿದರು. ಕೆಂಚವೀರಪ್ಪನವರ ಹೆಸರಿಲ್ಲ. ನಡುವೆ ಓದಿದರು, ಇಲ್ಲ. ಕಟ್ಟಕಡೆಯ ಸಾಲಿನಲ್ಲಿ ಸಿಕ್ಕಿತು. ಮಿಲ್ಲಿನ ಸೀಟಿ ಕೂಗಿದರೂ ಯಾರೂ ಒಳಗೆ ಹೋಗಲಿಲ್ಲ. ಕೆಂಚವೀರಪ್ಪನವರು ತಾವೇ ಮುಂದೆ ಬಂದು, ಕನ್ನಡಕ ಒರೆಸಿ, ಹಾಳೆಯ ಹತ್ತಿರ ಮೂಗು ತಂದು ನೋಡಿದರು.

"ಇದು ಶಾಯಿ ಕಲೆ" ಎಂದರು.

"ಅಲ್ರಿ. ಸೊನ್ನೆ. ನಾನೇ ಬರೆದದ್ದು" ಎಂದೆ. ಸುಳ್ಳು ಹೇಳಬೇಕಿತ್ತೇನೋ. ನನಗೆ ಆಗ ಹೊಳೆಯಲಿಲ್ಲ. ನನ್ನ ಅಂಕ ನೋಡಿದವರಿಗೆ ಇದೇನೂ ಆಶ್ಚರ್ಯವಲ್ಲ.

ಮುಂದಿನ ಅರ್ಧ ದಿನದಲ್ಲಿ ಆದಂಥ ಗದ್ದಲವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಮ್ಯಾನೇಜರರು ಹಣೆಗೆ ಕೈ ಹಚ್ಚಿಕೊಂಡು ಕುರ್ಚಿಯಲ್ಲಿ ಕುಸಿದರು. "ಇಪ್ಪತ್ತೆರಡು ವರ್ಷದ ಬಟ್ಟೆ! ಅಷ್ಟನ್ನೂ ಈ ಮನುಷ್ಯ ಪಾಸು ಮಾಡ್ಯಾನೆ! ಇಡೀ ಮೈಸೂರು ರಾಜ್ಯ ಅದನ್ನ ಉಟ್ಟುಕೊಂಡು ಓಡಾಡ್ತೈತಲ್ರೀ!" ಎಂದು ಕೂಗಿ, ಗೋದಾಮಿನಲ್ಲಿದ್ದ ಮೂಟೆಗಳನ್ನೆಲ್ಲ ಬಿಚ್ಚಿಸಿ ಮತ್ತೆ ನೋಡಲು ಹೇಳಿದರು. ಕೆಂಚವೀರಪ್ಪನವರಿಗೆ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಲು ಅಪ್ಪಣೆಯಾಯಿತು. ನೀಲಿ ಪೆನ್ಸಿಲನ್ನು ಗೇಟಿನಲ್ಲೇ ಇಸಿದುಕೊಂಡರು.

ಓಣಿಯ ಕಥೆ ಇನ್ನೂ ಕಷ್ಟ. ಮಲ್ಲೇಶಪ್ಪ ಎಂಬವನಿಗೆ ಕೆಂಚವೀರಪ್ಪನವರು ಆರು ವರ್ಷದ ಹಿಂದೆ ಒಂದು ಮನೆ ಕೊಳ್ಳಬೇಡ ಎಂದಿದ್ದರು, ಬಾಗಿಲು ಒಂದು ಬೆರಳು ವಾಲಿದೆ ಎಂದು. ಅವನು ಬಂದು ಕಟ್ಟೆಯ ಮೇಲೆ ಕೂತು, "ನನ್ನ ಮನಿ! ನನ್ನ ಮನಿ!" ಎಂದು ಎದೆ ಬಡಿದುಕೊಂಡ. ಕುಕ್ಕುವಾಡದಿಂದ ಕೆಂಚವೀರಪ್ಪನವರ ತಂಗಿ ಕರಿಯವ್ವ ಮೊದಲ ಬಸ್ಸಿಗೇ ಬಂದಿಳಿದಳು.

"ಅಣ್ಣಗೆ ಯಾವುದೋ ಗಾಳಿ ಮೆಟ್ಟೈತೆ. ನಡೀರಿ ಉಕ್ಕಡಗಾತ್ರಿಗೆ! ಕರಿಬಸವಜ್ಜನ ಗದ್ದುಗೆ ಮುಂದೆ ಕೂರಿಸಿದ್ರೆ ಬುದ್ಧಿ ಕದ್ದ ದೆವ್ವ ತಾನಾಗೇ ಬಾಯಿ ಬಿಡ್ತೈತೆ."

"ನನಗೇನೂ ಆಗಿಲ್ಲ!" ಎಂದು ಕೆಂಚವೀರಪ್ಪನವರು ಕೂಗಿದರು.

"ನೋಡಿದ್ರಾ? ಮೆಟ್ಟಿದವರೆಲ್ಲ ಹಿಂಗೇ ಅಂತಾರೆ" ಎಂದಳು ಕರಿಯವ್ವ.

ಅಂಜಿನವ್ವ ಮಾತ್ರ ಅಳಲಿಲ್ಲ. ಗಂಡನ ಎದುರು ಕೂತು, ಮೊದಲ ಸಲ ನೋಡುತ್ತಿರುವವರಂತೆ ಅವರನ್ನು ನೋಡಿದರು. "ಇಷ್ಟು ವರ್ಷ ನನ್ನ ಸಾರಿಗೆ ಉಪ್ಪು ಹೆಚ್ಚು ಅಂದ್ರಿ, ಕಮ್ಮಿ ಅಂದ್ರಿ. ನಾನು ನಂಬಿದೆ. ಆ ಸಾರು ಸರಿಯಾಗೇ ಇತ್ತಾ ಹಂಗಾರೆ?" ಎಂದು ಕೇಳಿದರು. ಕೆಂಚವೀರಪ್ಪನವರು ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದರು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಅವರ ಮೇಲೆ ಮರುಕ ಹುಟ್ಟಿತು.

ಶನಿವಾರ ಬೆಳಿಗ್ಗೆ ಹಾಲೇಶಪ್ಪನವರು ಬಂದರು. ಕೊಡೆ ಬಗಲಲ್ಲಿಟ್ಟುಕೊಂಡು ಹೊಸಿಲ ಆಚೆಯೇ ನಿಂತರು.

"ಕೂಡ್ರಿ ಬೀಗರೇ" ಎಂದರು ಅಂಜಿನವ್ವ.

"ಕೂಡೋದು ಆಮೇಲೆ. ಮೊದಲು ಲೆಕ್ಕ. ಬುದ್ಧಿ ಅನ್ನೋದು ತಂದೆಯಿಂದ ಮಕ್ಕಳಿಗೆ ಬರ್ತೈತೆ ಅಂತ ಪುಸ್ತಕದಾಗೆ ಬರೆದಾರೆ. ನನ್ನ ಮಗನ ಬುದ್ಧಿ ಐವತ್ತು ಅಂತ ಇಟ್ಟುಕೊಳ್ರಿ. ಐವತ್ತನ್ನ ಸೊನ್ನೆಯಿಂದ ಗುಣಿಸಿದ್ರೆ ಎಷ್ಟು?"

ಅಂಜಿನವ್ವ ಗಂಡನ ಕಡೆ ನೋಡಿದರು.

"ಸೊನ್ನೆ" ಎಂದು ಒಳಗಿನಿಂದ ಉಚ್ಚೆಂಗೆಮ್ಮನ ದನಿ ಬಂತು.

"ಸರಿ ಉತ್ತರ! ಅಂದ್ರೆ ನನ್ನ ಮೊಮ್ಮಕ್ಕಳು ಅಷ್ಟೂ ಸೊನ್ನೆ. ಒಂದಾಗ್ಲಿ ಹತ್ತಾಗ್ಲಿ, ಎಲ್ಲಾ ಸೊನ್ನೆ! ಮೂವತ್ತೈದು ವರ್ಷ ಲೆಕ್ಕ ಕಲಿಸಿದೋನು ನಾನು, ಸೊನ್ನೆಗಳನ್ನ ಹೆಂಗೆ ತೊಡೆಮ್ಯಾಲೆ ಆಡಿಸ್ಲಿ?" ಹೇಳುತ್ತಾ ಹೇಳುತ್ತಾ ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ನಬೀ ಸಾಬರು ಸೂಜಿ ಅಂಗಿಗೆ ಚುಚ್ಚಿಕೊಂಡು ಮೂಲೆಯಿಂದ ಎದ್ದು ಬಂದರು. "ಮೇಷ್ಟ್ರೇ, ಜಲ್ದಿ ಮಾಡ್ಬ್ಯಾಡ್ರಿ. ನನ್ನ ಮಗಳು ನಾಳೆ ಹರಿಹರದ ಕಾರ್ಖಾನೆಯೋರ ಬಂಗಲೆಯಾಗೆ ಇರ್ತಾಳೆ. ಅಳೆದೋಳು ಅವಳು, ಅವಳನ್ನೇ ಕೇಳಾನ. ಸೊನ್ನೆ ಬರೆಯೋವಾಗ ಅವಳ ಮಾರಿ ನಾನು ನೋಡೀನಿ. ಬಿಲ್ಕುಲ್ ಗಾಬರಿ ಆಗಿತ್ತು."

ಹಾಲೇಶಪ್ಪನವರು ಕೊಡೆಯನ್ನು ಒಂದು ಬಗಲಿನಿಂದ ಇನ್ನೊಂದಕ್ಕೆ ಬದಲಿಸಿ ಒಪ್ಪಿದರು. ಅಳತೆ ತಪ್ಪಾಗಿದ್ದರೆ ಸೋಮವಾರ ವೀಳ್ಯ. ಸೊನ್ನೆ ಸೊನ್ನೆಯೇ ಆಗಿದ್ದರೆ ಸಂಬಂಧ ಅಲ್ಲಿಗೇ ಮುಗಿಯಿತು.

ಭಾನುವಾರ ನಾವೆಲ್ಲ ಹರಿಹರದ ಬಸ್ಸು ಹತ್ತಿದೆವು. ಕೆಂಚವೀರಪ್ಪನವರು, ಅಂಜಿನವ್ವ, ಉಚ್ಚೆಂಗೆಮ್ಮ, ನಬೀ ಸಾಬರು, ಮತ್ತೆ ಸೊನ್ನೆ ಬರೆದವನೆಂಬ ಅಪರಾಧಕ್ಕೆ ನಾನು. ಒಂಬತ್ತು ಮೈಲಿಯಲ್ಲಿ ಕೆಂಚವೀರಪ್ಪನವರು ಬಸ್ಸಿನ ಬಗ್ಗೆ ಒಂದು ತಪ್ಪನ್ನೂ ಹೇಳಲಿಲ್ಲ. ನಮಗೆ ಭಯವಾದದ್ದು ಆಗಲೇ.

ಹೊಳೆಯ ದಂಡೆಯ ಬಂಗಲೆಯಲ್ಲಿ ಅಖ್ತರ್ ಬಾನು ಹಾಳೆಗಳ ನಡುವೆ ಕೂತಿದ್ದಳು. ಹಾಲೇಶಪ್ಪನವರು ಆಗಲೇ ಬಂದು ಎದುರಿನ ಕುರ್ಚಿ ಹಿಡಿದಿದ್ದರು. ನಮ್ಮನ್ನು ನೋಡಿದವಳೇ ಎದ್ದು ನಿಂತಳು.

"ಕಾಕಾ, ಸದ್ಯ ಬಂದ್ರಲ್ಲ! ಎರಡು ದಿನದಿಂದ ನನಗೆ ಊಟ ಸೇರಿಲ್ಲ. ನಿಮಗೆ ಸೊನ್ನೆ ಹೆಂಗೆ ಬಂತು?"

"ಅದನ್ನ ಕೇಳಾಕೇ ನಾವು ಬಂದೀವಿ!" ಎಂದರು ಹಾಲೇಶಪ್ಪನವರು.

"ಸೊನ್ನೆ ಬರೋದು ಸುಲಭ ಅಲ್ಲ ಮೇಷ್ಟ್ರೇ. ಆರು ತುಂಡಿನಾಗೆ ಒಂದು ಸರಿ. ಏನೂ ತಿಳಿಯದೋರು ಕಣ್ಣು ಮುಚ್ಚಿ ಬರೆದ್ರೂ ಅರವತ್ತರಾಗೆ ಹತ್ತು ಸರಿಹೋಗಬೇಕು. ನಮ್ಮ ಮನಿ ಕೋಳಿ ಕೈಲಿ ಕುಕ್ಕಿಸಿದ್ರೂ ಆರೋ ಏಳೋ ಬರ್ತಾವೆ. ಇಡೀ ದಾವಣಗೆರೆ ಕಣ್ಣು ಮುಚ್ಚಿ ಬರೆದ್ರೆ ಸೊನ್ನೆ ಬರೋದು ಒಬ್ಬರಿಗೋ ಇಬ್ಬರಿಗೋ."

ಹಾಲೇಶಪ್ಪನವರು ಜೇಬಿನಿಂದ ಪೆನ್ಸಿಲ್ ತೆಗೆದು ಅಲ್ಲಿದ್ದ ಹಾಳೆಯ ಹಿಂಬದಿಯಲ್ಲೇ ಲೆಕ್ಕಕ್ಕೆ ಕೂತರು. ಆರರಲ್ಲಿ ಐದು ಪಾಲನ್ನು ಅದರಿಂದಲೇ ಗುಣಿಸಿ, ಮತ್ತೆ ಗುಣಿಸಿ, ಮತ್ತೆ ಗುಣಿಸಿ. ಹಾಳೆ ತುಂಬಿತು. ಕೊನೆಗೆ ಪೆನ್ಸಿಲ್ ಕೆಳಗಿಟ್ಟರು. ಅವರ ಮುಖ ಬಿಳಿಚಿತ್ತು.

"ಹೌದು. ಅದೃಷ್ಟದಿಂದ ಇದು ಆಗೋ ಕೆಲಸ ಅಲ್ಲ. ಸರಿ ಉತ್ತರ ಯಾವುದು ಅಂತ ಗೊತ್ತಿದ್ದು, ಅರವತ್ತು ಸಲ ಅದನ್ನ ತಪ್ಪಿಸ್ಯಾರೆ! ಬೀಗರೇ!" ಎಂದು ಅವರು ಎದ್ದು ಕೆಂಚವೀರಪ್ಪನವರ ಎರಡೂ ಕೈ ಹಿಡಿದುಕೊಂಡರು. "ಅರವತ್ತಕ್ಕೆ ಅರವತ್ತು ಗೊತ್ತಿದ್ದ ಮನುಷ್ಯ ನೀವು! ಯಾಕ ತಪ್ಪಿಸಿದ್ರಿ?"

ಕೆಂಚವೀರಪ್ಪನವರು ಎಲ್ಲರ ಮುಖ ನೋಡಿದರು. "ತಪ್ಪಿಸೋದು ಯಾಕ? ಕೆಟ್ಟ ತುಂಡು ಯಾವುದೋ ಅದನ್ನ ಬರೆದೆ. ನಮೂನೆ ಪುಸ್ತಕ ಬಂದ್ರೆ ಮಿಲ್ಲಿನಾಗೆ ಮಾಡೋದು ಅದನ್ನೇ ಅಲ್ಲೇನು? ಹೊಂದದ ತುಂಡಿಗೆ ಗೀಟು ಹಾಕೋದು."

ಅಖ್ತರ್ ಬಾನು ಕುರ್ಚಿಯಲ್ಲಿ ಕೂತೇಬಿಟ್ಟಳು. ಅವಳಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಹಾಲೇಶಪ್ಪನವರಿಗೆ ಮಾತ್ರ ಆನಂದವೋ ಆನಂದ. "ಕೊಡವ್ವ ಪುಸ್ತಕ! ಈಗ ಸರಿಯಾದ್ದನ್ನ ಬರೀತಾರೆ. ಅರವತ್ತು!"

ಪುಸ್ತಕ ಬಂತು. ಕೆಂಚವೀರಪ್ಪನವರು ಕನ್ನಡಕ ಏರಿಸಿ ಮೊದಲ ಪುಟ ತೆರೆದರು. ಮಗುವೂ ಹೇಳಬಹುದಾದ ಪುಟ ಅದು. ಅವರು ಒಂದನೇ ತುಂಡು ನೋಡಿದರು. "ಇದರ ಗೀರು ದಪ್ಪ." ಎರಡನೇದು. "ಅಚ್ಚು ಒಂದು ಕೂದಲೆಳೆ ಸರಿದೈತೆ." ಮೂರನೇದು, ನಾಲ್ಕನೇದು. "ಇಲ್ಲಿ ಶಾಯಿ ಹರಡೈತೆ." ಹೀಗೆ ಆರೂ ಆಯಿತು. ಆಮೇಲೆ ಪುಸ್ತಕವನ್ನೇ ಬೆಳಕಿಗೆ ಹಿಡಿದು, "ಕಾಗದಾನೇ ಸರಿ ಇಲ್ಲ" ಎಂದರು.

ಅರ್ಧ ತಾಸಿಗೆ ನಾಲ್ಕು ಪುಟ ದಾಟಿತ್ತು. ಹಾಳೆಯಲ್ಲಿ ಒಂದು ಸಂಖ್ಯೆಯೂ ಇಲ್ಲ. ಅವರ ರುಮಾಲಿನ ಅಂಚಿನಿಂದ ಬೆವರು ಇಳಿಯುತ್ತಿತ್ತು. "ಸರಿಯಾದ್ದು ಒಂದೂ ಇಲ್ಲವ್ವ ಇದರಾಗೆ. ಕೆಟ್ಟದ್ದು ಹುಡುಕು ಅಂದ್ರೆ ಹುಡುಕ್ತೀನಿ. ಸರಿಯಾದ್ದು ಹುಡುಕೋ ಕೆಲಸ ನಾನು ಮಾಡೇ ಇಲ್ಲ" ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

"ಎರಡನೇ ಸೊನ್ನೆ!" ಎಂದು ಹಾಲೇಶಪ್ಪನವರು ನರಳಿದರು. "ಈ ಸಲ ನಿಜವಾದ ಸೊನ್ನೆ! ಅಲ್ಲಮ್ಮ, ಬುದ್ಧಿ ಅಂದ್ರೆ ಏನು ಅಂತಾರೆ ನಿಮ್ಮ ಶಾಸ್ತ್ರದೋರು?"

"ಅವರಲ್ಲೇ ಒಮ್ಮತ ಇಲ್ಲ ಮೇಷ್ಟ್ರೇ. ಹೊಸ ಕಷ್ಟ ಬಂದಾಗ ದಾರಿ ಹುಡುಕೋ ಶಕ್ತಿ ಅಂತಾರೆ ಕೆಲವರು. ಒಂದಕ್ಕೂ ಇನ್ನೊಂದಕ್ಕೂ ಇರೋ ಸಂಬಂಧ ಕಾಣೋದು ಅಂತಾರೆ ಇನ್ನು ಕೆಲವರು. ಪರೀಕ್ಷೆ ಏನು ಅಳೀತೈತೋ ಅದೇ ಬುದ್ಧಿ ಅನ್ನೋರೂ ಅದಾರೆ."

"ಅದು ತಪ್ಪು" ಎಂದರು ಕೆಂಚವೀರಪ್ಪನವರು ತಲೆಯೆತ್ತದೆ. "ಗಜಕಡ್ಡಿಯಿಂದ ಅಳೆದದ್ದೆಲ್ಲ ಬಟ್ಟೆ ಆಗ್ತೈತೇನು?"

ಅಖ್ತರ್ ಬಾನು ಬೆಚ್ಚಿ ಅವರತ್ತ ನೋಡಿ, ಆ ಮಾತನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಆಗಲೇ, ತಂದೆಯ ಬೆನ್ನ ಹಿಂದೆ ನಿಂತಿದ್ದ ಉಚ್ಚೆಂಗೆಮ್ಮ ಮೆಲ್ಲಗೆ, "ಅಪ್ಪಾ, ಮೊದಲನೇ ಪುಟಕ್ಕೆ ಎರಡನೇದು" ಎಂದಳು.

"ಅದರ ಅಚ್ಚು ಸರಿದೈತೆ ಮಗಳೇ."

"ಸರಿದಿರ್ಲಿ ಬಿಡಪ್ಪ. ಇದ್ದುದರಾಗೆ ಅದೇ ಹೊಂದ್ತೈತೆ. ಮುಂದಿನದಕ್ಕೆ ಐದನೇದು. ಅದರ ಮುಂದಿನದಕ್ಕೆ ಒಂದನೇದು."

ಅಖ್ತರ್ ಬಾನು ಪುಸ್ತಕವನ್ನು ಅವಳ ಕೈಗೆ ಕೊಟ್ಟಳು. ಉಚ್ಚೆಂಗೆಮ್ಮ ನೆಲದ ಮೇಲೆ ಕೂತು ಬರೆದಳು. ಮುಗಿಸಿದಾಗ ಅಖ್ತರ್ ಬಾನು ಎರಡು ಸಲ ತಾಳೆ ನೋಡಿ, "ಐವತ್ತನಾಲ್ಕು. ಎರಡು ಊರಿನಾಗೂ ಇಷ್ಟು ಯಾರಿಗೂ ಬಂದಿಲ್ಲ" ಎಂದಳು.

ಹಾಲೇಶಪ್ಪನವರ ಕೊಡೆ ಕೆಳಗೆ ಬಿತ್ತು. "ಸೊನ್ನೆಯಿಂದ ಐವತ್ತನಾಲ್ಕು ಹೆಂಗೆ ಬಂತು? ಯಾವ ಲೆಕ್ಕ ಇದು?"

"ಲೆಕ್ಕ ಏನಿಲ್ರಿ" ಎಂದಳು ಉಚ್ಚೆಂಗೆಮ್ಮ. "ಅಪ್ಪ ದಿನಾ ಎಲ್ಲಾದ್ರಾಗೂ ತಪ್ಪು ತೆಗೀತಾರೆ. ಮನಿ ನಡೀಬೇಕಲ್ರಿ? ಇದ್ದುದರಾಗೆ ಯಾವುದು ನಡೀತೈತೆ ಅಂತ ಅವ್ವನೂ ನಾನೂ ನೋಡ್ತೀವಿ. ಹದಿನೆಂಟು ವರ್ಷ ಅದನ್ನೇ ಮಾಡೀನಿ."

ಮೇಷ್ಟ್ರ ಮುಖ ಅರಳಿತು. ಉತ್ಸಾಹ ಎಲ್ಲೆ ಮೀರಿತು. "ಹಂಗಾರೆ ನಮ್ಮ ಸಣ್ಣಬೀರಪ್ಪಂದೂ ನೋಡವ್ವ. ನಿನ್ನೆ ಕಾರ್ಖಾನೆಯಾಗೆ ಬರೆದಾನೆ. ಅರವತ್ತಾದ್ರೂ ಬಂದಿರಬೇಕು!"

"ಅದು ಗುಟ್ಟು ಮೇಷ್ಟ್ರೇ."

"ಬುದ್ಧಿ ಇದ್ದೋನಿಗೆ ಗುಟ್ಟು ಯಾಕ?"

ಈ ಮಾತನ್ನು ನಾನು ಎಲ್ಲೋ ಕೇಳಿದ್ದೆ. ಬೇಡವೆಂದು ಕೈಸನ್ನೆ ಮಾಡಿದೆ, ಅವರು ನೋಡಲಿಲ್ಲ. ಬೇಡ ಬೇಡವೆಂದರೂ ಹಾಳೆ ಹೊರಗೆ ಬಂತು. ಇಪ್ಪತ್ತಾರು.

ಹೊಳೆಯ ಕಡೆಯಿಂದ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಹಾಲೇಶಪ್ಪನವರು ಗೋಡೆಯ ಕಡೆ ತಿರುಗಿ ನಿಂತರು. ಮೂವತ್ತೈದು ವರ್ಷ ಲೆಕ್ಕ ಕಲಿಸಿದ ಮನುಷ್ಯ ಲೆಕ್ಕದ ಕೈಯಲ್ಲೇ ಪೆಟ್ಟು ತಿಂದಿದ್ದರು. "ಈಗ ಬ್ಯಾಡ ಅನ್ನೋ ಸರದಿ ನಿಮ್ಮದು ಬೀಗರೇ" ಎಂದರು. "ಐವತ್ತನಾಲ್ಕರ ಹುಡುಗಿ. ನನ್ನ ಮಗ ಅರ್ಧಾನೂ ಇಲ್ಲ. ಹಾಕ್ರಿ ಗೀಟು."

ಎಲ್ಲರೂ ಕೆಂಚವೀರಪ್ಪನವರನ್ನು ನೋಡಿದೆವು. ಅವರು ಮಗಳನ್ನು ನೋಡಿದರು. ಮಗಳು ನೆಲದಿಂದ ಎದ್ದು ಸೆರಗು ಸರಿಮಾಡಿಕೊಂಡಳು.

"ಮಾವಾರೇ, ನೀವು ಗುಣಿಸಬ್ಯಾಡ್ರಿ" ಎಂದಳು. "ಕೂಡಿಸ್ರಿ."

ಅಷ್ಟೇ ಮಾತು. ಹಾಲೇಶಪ್ಪನವರು ಬೆರಳು ಎಣಿಸಿದರು. ಐವತ್ತನಾಲ್ಕಕ್ಕೆ ಇಪ್ಪತ್ತಾರು ಕೂಡಿಸಿದರು, ಅದಕ್ಕೆ ಸೊನ್ನೆಯನ್ನೂ ಕೂಡಿಸಿದರು. ಏನೂ ಕಡಿಮೆಯಾಗಲಿಲ್ಲ. ಅಂಜಿನವ್ವ ಆಗ ಅತ್ತರು. ಮೂರು ದಿನದ ಅಳು ಒಟ್ಟಿಗೇ ಬಂತು.

ಸೋಮವಾರ ವೀಳ್ಯದ ಶಾಸ್ತ್ರ ನಡೆಯಿತು. ಅಂದು ಬೆಳಿಗ್ಗೆಯೇ ಮಿಲ್ಲಿನಿಂದ ನೀಲಿ ಪೆನ್ಸಿಲ್ ವಾಪಸು ಬಂದಿತ್ತು, ಬಿಚ್ಚಿದ ಮೂಟೆಗಳಲ್ಲಿ ಒಂದು ಗಜವೂ ಕೆಟ್ಟ ಬಟ್ಟೆ ಸಿಕ್ಕಿರಲಿಲ್ಲವಂತೆ. ಚಾಪೆಯ ಮೇಲೆ ಬೀಗರು ತಂದ ಸೀರೆಯನ್ನು ಕೆಂಚವೀರಪ್ಪನವರ ಕೈಗೆ ಕೊಟ್ಟಾಗ ಇಡೀ ಓಣಿ ಮುಂದಕ್ಕೆ ಬಾಗಿತು. ಅವರು ಅಭ್ಯಾಸದಂತೆ ಸೀರೆ ಬಿಚ್ಚಿದರು, ಬೆಳಕಿಗೆ ಹಿಡಿದರು, ಅಂಚಿನ ಗುಂಟ ಕಣ್ಣು ಓಡಿಸಿದರು. ಒಂದು ಕಡೆ ಕಣ್ಣು ನಿಂತಿತು. ಅಂಜಿನವ್ವ ಕಣ್ಣು ಮುಚ್ಚಿಕೊಂಡರು. ಮಲ್ಲೇಶಪ್ಪ ನನ್ನ ತೋಳು ಗಟ್ಟಿಯಾಗಿ ಹಿಡಿದ.

"ಚೆನ್ನಾಗೈತೆ" ಎಂದರು ಕೆಂಚವೀರಪ್ಪನವರು.

ಜನಕ್ಕೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಕರಿಯವ್ವ, "ನಾನು ಹೇಳಲಿಲ್ಲೇನು, ಗಾಳಿ ಮೆಟ್ಟೈತೆ ಅಂತ!" ಎಂದಳು. ನಬೀ ಸಾಬರು ನನ್ನ ಕಿವಿಯ ಹತ್ತಿರ ಬಗ್ಗಿ, "ಹೆಬ್ಬೆರಳು ನೋಡ್ರಿ" ಎಂದರು.

ನೋಡಿದೆ. ಅಂಚಿನಲ್ಲಿ ಎರಡು ಎಳೆ ತಪ್ಪಿದ್ದವೆಂದು ನಬೀ ಸಾಬರೇ ಆಮೇಲೆ ಹೇಳಿದರು. ರಫೂ ಮಾಡುವವರ ಕಣ್ಣಿಗೆ ಬಿಟ್ಟರೆ ಬೇರೆಯವರಿಗೆ ಕಾಣುವಂಥದ್ದಲ್ಲ. ಕೆಂಚವೀರಪ್ಪನವರ ಹೆಬ್ಬೆರಳು ಸರಿಯಾಗಿ ಅದರ ಮೇಲೆ ಕೂತಿತ್ತು. ಅದನ್ನು ಎತ್ತದೆಯೇ ಅವರು ಸೀರೆ ಮಡಚಿ ಮಗಳ ಕಡೆ ಚಾಚಿದರು. ಉಚ್ಚೆಂಗೆಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಪ್ಪನ ಹೆಬ್ಬೆರಳು ಸರಿದ ಜಾಗದಲ್ಲಿ ಅವಳ ಹೆಬ್ಬೆರಳು ಬಂದು ಕೂತಿತು.